ಹಾಡಿದವರ ಹೆಸರು

ಇದನ್ನೊಂದಿಷ್ಟು ಕೂತು ಕೇಳಿ. ಮಧ್ಯದಲ್ಲಿ ಎದ್ದು ಹೋಗಬೇಡಿ; ಕೌಸ್ತುಭನನ್ನು ಬೈಯುವುದಿದ್ದರೆ ಪೂರ್ತಿ ಕೇಳಿಯೇ ಬೈಯಿರಿ. ಆ ಭಾನುವಾರ ಬೆಳಿಗ್ಗೆ ಮುಳಬಾಗಿಲಿನ ಮನೆಯಲ್ಲಿ ಅವನು ಕಂಪ್ಯೂಟರ್ ಮುಂದೆ ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಕೋಲಾರದಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ಶ್ರೀಕೃಷ್ಣ ದೊಡ್ಡಪ್ಪ. ದೊಡ್ಡಪ್ಪನ ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟೇ ಗಾತ್ರದ ಎಂಪಿತ್ರೀ ಪ್ಲೇಯರ್, ಮಗಳು ಕೊಡಿಸಿದ್ದು; ಹಾಡು ತುಂಬಿಕೊಟ್ಟವನು ಕೌಸ್ತುಭ.

"ನೋಡೋ ಇದನ್ನ. ಹಾಡೇನೋ ಬರ್ತದೆ. ಹೆಸರಿರೋ ಜಾಗದಲ್ಲಿ ಬರೀ ಚೌಕ ಚೌಕ. ಚೌಕಾಬಾರ ಆಡ್ಲಿ ಅಂತ ಕೊಟ್ಟಿದ್ದೀಯೇನೋ? ನಿಮ್ಮ ದೊಡ್ಡಮ್ಮನ ಹೆಸರೆಲ್ಲಿ?"

"ಅದಕ್ಕೆ ಕನ್ನಡ ಓದಕ್ಕೆ ಬರಲ್ಲ ದೊಡ್ಡಪ್ಪ. ಇಂಗ್ಲಿಷ್ ಅಕ್ಷರದಲ್ಲಿ ಹಾಕ್ಬೇಕು."

"ಹಾಕು ಮತ್ತೆ. ನಾನೇನು ಬೇಡ ಅಂದ್ನಾ?"

ಎರಡು ನಿಮಿಷದ ಕೆಲಸ. ಕೌಸ್ತುಭನ ಬೆರಳು ಮಾತ್ರ ಕೀಲಿಮಣೆಯ ಮೇಲೆ ಓಡಲಿಲ್ಲ.

ಕೌಸ್ತುಭನಿಗೆ ಹಾಡಿನ ಹುಚ್ಚು, ಅದಕ್ಕಿಂತ ಹೆಚ್ಚಾಗಿ ಹಾಡಿನ ಟ್ಯಾಗಿನ ಹುಚ್ಚು. ಪ್ರತಿ ಹಾಡಿನ ಫೈಲಿನೊಳಗೂ ಒಂದು ಪುಟ್ಟ ಚೀಟಿ ಇರುತ್ತದಲ್ಲ, ಹಾಡು ಯಾವುದು, ಹಾಡಿದವರು ಯಾರು ಎಂದು, ಅದೇ ಟ್ಯಾಗ್. ಗೆಳೆಯರ ಕಂಪ್ಯೂಟರಿನಲ್ಲಿ ಗಾಯಕರ ಹೆಸರಿರಬೇಕಾದ ಕಡೆ ಯಾವುದೋ ವೆಬ್‌ಸೈಟಿನ ಹೆಸರು ಕಂಡರೆ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡವರನ್ನು ನೋಡಿದಷ್ಟು ಕಸಿವಿಸಿ ಅವನಿಗೆ. "ಯಾರು ಹಾಡಿದ್ದು ಅಂತ ಗೊತ್ತಿಲ್ದೆ ಹೆಂಗ್ ಕೇಳ್ತೀರೋ ಲೇ, ನಾಚಿಕೆ ಆಗಲ್ವಾ?" ಎಂದು ಗದರಿ, ತಾನೇ ಕೂತು ಸರಿಮಾಡಿ ಬರುತ್ತಿದ್ದ. ಅರ್ಧ ಆಲಾಪ ಕೇಳಿದರೆ ಸಾಕು, ಗಾಯಕಿ ಯಾರೆಂದು ಹೇಳಿಬಿಡುತ್ತಿದ್ದ.

ದೊಡ್ಡಮ್ಮ ಆದಿಲಕ್ಷ್ಮಿ, ಅಂದರೆ ಅಮ್ಮನ ಅಕ್ಕ, ತೀರಿಕೊಂಡ ಮೇಲೆ, ದೇವರಾಯಸಮುದ್ರದ ತಾತನ ಮನೆಯಿಂದ ಬಂದ ಟ್ರಂಕಿನಲ್ಲಿ ಅವನಿಗೊಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಏನೂ ಬರೆದಿರಲಿಲ್ಲ. ಒಳಗೆ ಹಾರ್ಮೋನಿಯಂ ಜೊತೆ ಒಬ್ಬ ಹುಡುಗಿಯ ಗಂಟಲು; ತೊಟ್ಟಿಲ ಹಾಡು, ಆರತಿ ಹಾಡು, ತೆಲುಗಿನ ಒಂದೆರಡು ಮಂಗಳ. ಆ ಮನೆಯಲ್ಲಿ ಹಾಡುತ್ತಿದ್ದವಳು ಆದಿಲಕ್ಷ್ಮಿ ಎಂದು ಇಡೀ ಬಳಗಕ್ಕೆ ಗೊತ್ತು. ಕೌಸ್ತುಭ ಟೇಪಿನ ಗೊರಗೊರ ತೆಗೆದ, ಹಾಡುಗಳನ್ನು ಬಿಡಿಬಿಡಿ ಮಾಡಿದ, ಎಲ್ಲವನ್ನೂ ಒಟ್ಟಿಗೆ ಆರಿಸಿ ಗಾಯಕರ ಜಾಗದಲ್ಲಿ ಒಂದೇ ಸಲ ಆದಿಲಕ್ಷ್ಮಿ ಎಂದು ಹೊಡೆದು ಗುಂಡಿ ಒತ್ತಿದ. ಯಾರನ್ನೂ ಕೇಳಲಿಲ್ಲ. ಕೇಳುವುದಕ್ಕೇನಿದೆ?

ವರ್ಷದ ತಿಥಿಯ ದಿನ ಊಟವಾದ ಮೇಲೆ ಅದನ್ನು ಹಾಕಿದ. ಪಡಸಾಲೆಯಲ್ಲಿ ಅಳದವರಿಲ್ಲ. ದೊಡ್ಡಪ್ಪ ಉತ್ತರೀಯದಲ್ಲಿ ಮುಖ ಮುಚ್ಚಿಕೊಂಡು, "ಇದ್ದಾಗ ಒಂದಿನ ಕೂತು ಕೇಳ್ಲಿಲ್ಲ ಕಣೋ. ಆಡಿಟ್ಟು ಆಡಿಟ್ಟು ಅಂತ ಊರೂರು ತಿರುಗ್ದೆ," ಎಂದರು. ನೆಂಟರೆಲ್ಲ ಸಿಡಿ ಕೇಳಿ ಒಯ್ದರು. ಕೌಸ್ತುಭ ಅವತ್ತು ನೆಲದ ಮೇಲೆ ನಡೆಯಲೇ ಇಲ್ಲ.

ದೊಡ್ಡಪ್ಪ ಪ್ಲೇಯರ್ ಹಿಡಿದು ಬರುವ ಹಿಂದಿನ ವಾರ ಆದದ್ದೇ ಬೇರೆ. ಒಂದೊಂದು ಹಾಡಿಗೂ ದೊಡ್ಡಮ್ಮನ ಫೋಟೋ ಅಂಟಿಸುತ್ತ ಕೂತಿದ್ದ, ಹಾಡು ಓಡುತ್ತಿತ್ತು. ಹಿಂದೆ ಅವನ ಅಮ್ಮ ಮಾಧವಿ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ತೊಟ್ಟಿಲ ಹಾಡಿನ ಎರಡನೆಯ ನುಡಿಯಲ್ಲಿ ದನಿ ಒಂದಿಷ್ಟು ನಡುಗಿತು.

"ಇಲ್ಲಿ ನಂಗೆ ನಗು ಬಂದ್ಬಿಡ್ತು," ಎಂದಳು ಮಾಧವಿ, ತನ್ನಷ್ಟಕ್ಕೇ. "ಆದಕ್ಕ ತೊಡೆ ಚಿವುಟಿದ್ಳು."

"ನಿಂಗ್ಯಾಕಮ್ಮ ನಗು? ಹಾಡ್ತಿದ್ದಿದ್ದು ದೊಡ್ಡಮ್ಮ ಅಲ್ವಾ?"

ಅವಳ ಕೈ ನಿಂತಿತು. ಬೆರಳ ಸಂದಿಯಿಂದ ಒಂದು ಬೇಳೆ ಜಾರಿ ಬಟ್ಟಲಿಗೆ ಬಿತ್ತು.

"ಅಕ್ಕಂಗೆ ಅವತ್ತು ಗಂಟಲು ಕಟ್ಟಿತ್ತು. ಅಪ್ಪ ಟೇಪ್ ರೆಕಾರ್ಡರ್ ಯಾರ್ದೋ ಇಸ್ಕೊಂಡ್ ಬಂದಿದ್ರು, ಸಾಯಂಕಾಲ ವಾಪಸ್ ಕೊಡ್ಬೇಕಿತ್ತು. ಅದಕ್ಕೆ ನನ್ನ ಕೂರ್ಸಿದ್ರು. ಅಕ್ಕ ಹಾರ್ಮೋನಿಯಂ ಪೆಟ್ಟಿಗೆ ಬಾರಿಸಿದ್ಳು."

"ಎಲ್ಲಾ ಹಾಡೂನಾ?"

"ಹ್ಞೂಂ."

"ನೀನು ಹಾಡ್ತಿದ್ಯಾ?" ಕೇಳಿದ ಮೇಲೆ ಅವನಿಗೇ ಆ ಪ್ರಶ್ನೆ ಕಿವಿಗೆ ಚುಚ್ಚಿತು. ಊರಿನವರ ಗಂಟಲನ್ನೆಲ್ಲ ಗುರುತು ಹಿಡಿಯುವವನು, ಹೆತ್ತವಳ ದನಿಯನ್ನು ವರ್ಷವಿಡೀ ಕಿವಿಗೆ ಕಟ್ಟಿಕೊಂಡು ಓಡಾಡಿದ್ದ, ಗೊತ್ತಾಗಿರಲಿಲ್ಲ. "ತಿಥಿ ದಿನಾನೇ ಹೇಳ್ಬಾರ್ದಿತ್ತಾ?"

"ಎಲ್ಲಾರೂ ಅಕ್ಕನ್ನ ನೆನೆಸ್ಕೊಂಡು ಅಳ್ತಾ ಇದ್ರು. ಆಗ ನಾನು ಎದ್ದು ನಿಂತು, ಅದು ನಂದು ಅಂತ ಹೇಳ್ಲಾ? ಏನ್ ಚೆನ್ನಾಗಿರ್ತದೆ?" ಅವಳು ಮತ್ತೆ ಕಾಳಿಗೆ ಕೈ ಹಾಕಿದಳು. ಇನ್ನೊಂದು ಹಿಡಿ ಹಿದುಕಿ ಮುಗಿಸಿ, ತಲೆ ಎತ್ತದೆ, "ಹೆಸರು ಬದಲಾಯ್ಸೋದು ಕಷ್ಟಾನಾ?" ಎಂದಳು.

"ಇಲ್ಲಮ್ಮ. ಒಂದು ಗುಂಡಿ ಒತ್ತಿದ್ರೆ ಆಯ್ತು."

"ಓಹೋ," ಎಂದಳು, ಅಷ್ಟೇ.

ಭಾನುವಾರ ದೊಡ್ಡಪ್ಪ ಬಂದಾಗ ಹೇಳಿಯೇಬಿಡುತ್ತೇನೆಂದು ಅವನು ಗಟ್ಟಿ ಮಾಡಿಕೊಂಡಿದ್ದ. ಈಗ ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು.

"ದೊಡ್ಡಪ್ಪ, ಒಂದ್ ವಿಷಯ ಹೇಳ್ಬೇಕಿತ್ತು. ಈ ಹಾಡು..."

"ಇದೇ ಹಾಡು ಕಣೋ!" ದೊಡ್ಡಪ್ಪ ಅವನ ಭುಜ ಹಿಡಿದರು. "ದಿನಾ ಬೆಳಿಗ್ಗೆ ಹಾಲು ಕಾಯಕ್ಕಿಟ್ಟು ಇದನ್ನ ಹಾಕ್ಕೊತೀನಿ. ಇವಳೇ ಒಳಗಿಂದ ಬಂದಂಗಾಗ್ತದೆ. ನಿನ್ನೆ ಹಾಲು ಉಕ್ಕಿ ಹೋಯ್ತು, ಇವಳ ಕೈಲಿ ಬೈಸ್ಕೊಂಡಂಗಾಯ್ತು ಅನ್ಕೊಂಡು ನಕ್ಕೆ." ಕನ್ನಡಕ ತೆಗೆದು ಒರೆಸಿಕೊಂಡರು. "ಹ್ಞೂಂ, ಏನೋ ಹೇಳ್ತಿದ್ದೆ?"

ಕೌಸ್ತುಭ ಬಾಗಿಲ ಕಡೆ ನೋಡಿದ. ಅಮ್ಮ ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ಏನಿಲ್ಲ ದೊಡ್ಡಪ್ಪ. ಸ್ಪೆಲಿಂಗ್ ಹೆಂಗೆ ಹಾಕ್ಲಿ ಅಂತ."

ದೊಡ್ಡಪ್ಪ ಬ್ಯಾಂಕಿನಲ್ಲಿ ಚೆಕ್ ಓದಿಸುವವರಂತೆ ಒಂದೊಂದೇ ಅಕ್ಷರ ಹೇಳಿದರು. ಅವನು ಒಂದೊಂದೇ ಅಕ್ಷರ ಒತ್ತಿದ. ಪ್ಲೇಯರ್ ಕಳಚಿ ಕೊಟ್ಟಾಗ ಪುಟ್ಟ ಪರದೆಯ ಮೇಲೆ ಆದಿಲಕ್ಷ್ಮಿ ಬಲದಿಂದ ಎಡಕ್ಕೆ ಹರಿಯುತ್ತಿದ್ದಳು.

"ಬಾ ಮಾಧವಿ, ಬಾ ಇಲ್ಲಿ! ನೋಡು, ಹೆಸರು ಬಂತು." ದೊಡ್ಡಪ್ಪ ಎದ್ದು ಹೋಗಿ ಒಂದು ಇಯರ್‌ಫೋನ್ ಅವಳ ಕೈಗಿತ್ತರು. "ಕೇಳು ನಿಮ್ಮಕ್ಕನ್ನ. ನಿಮ್ಮಪ್ಪನ ಸಂಗೀತಾನೆಲ್ಲಾ ಅವಳೇ ಬಾಚ್ಕೊಂಡ್ಳು, ನಿಂಗೆ ಸಾರು ಕುದಿಸೋದೊಂದೇ ಉಳಿಸಿದ್ಳು, ಅಲ್ವಾ?"

"ಹೌದು ಭಾವ," ಎಂದಳು ಮಾಧವಿ.

ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟು, ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಇನ್ನೊಂದು ದೊಡ್ಡಪ್ಪನ ಕಿವಿಯಲ್ಲಿತ್ತು. ತಂತಿ ಗಿಡ್ಡವಾದ್ದರಿಂದ ಇಬ್ಬರೂ ತಲೆ ಬಾಗಿಸಿ ಹತ್ತಿರ ನಿಂತಿದ್ದರು. ಹಾಡು ಮುಗಿಯುವವರೆಗೂ ಅವಳು ಅದನ್ನು ತೆಗೆಯಲಿಲ್ಲ. ಕೌಸ್ತುಭ ಎದ್ದು ಹೊರಗೆ ಹೋಗಲಾರದೆ, ಅಲ್ಲಿ ಕೂರಲೂ ಆಗದೆ, ಕುರ್ಚಿಯ ಹಿಡಿ ಹಿಡಿದುಕೊಂಡಿದ್ದ.

ಹೇಳಿ ನೋಡೋಣ, ಆ ಕುರ್ಚಿಯಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?