ಎಡ ಹುಬ್ಬಿನ ಗಾಯ

ಇಷ್ಟು ಚಿಕ್ಕ ವಿಷಯವನ್ನು, ಅದರಲ್ಲೂ ಬೇರೆಯವರ ತಾಯಿಯ ಮುಖದ ವಿಷಯವನ್ನು, ಕಥೆ ಎಂದು ಹೇಳಹೊರಟಿದ್ದಕ್ಕೆ ಓದುವವರು ಮನ್ನಿಸಬೇಕು, ಆದರೆ ಫೋನು ಮತ್ತೆ ನಡುಗಿತು, ಗಾಜಿನ ಕೌಂಟರಿನ ಮೇಲೆ ಅಂಗಾತ ಬಿದ್ದ ಜೀರುಂಡೆಯ ಹಾಗೆ ಗುರ್ ಎಂದು ಅರ್ಧ ಸುತ್ತು ತಿರುಗಿತು, ಮತ್ತೆ ಯಾರೋ ಬೈದಿದ್ದಾರೆ, ಬೈಯಲಿ, ಮೊದಲು ಈ ಪಾಸ್‌ಪೋರ್ಟ್ ಫೋಟೋ ಮುಗಿಯಲಿ, ಗದ್ದ ಸ್ವಲ್ಪ ಕೆಳಗೆ ಸರ್, ನಗಬೇಡಿ — ಸ್ಟೂಲಿನ ಮೇಲಿನ ದಪ್ಪ ಮನುಷ್ಯ ನಕ್ಕಿರಲಿಲ್ಲ, ನಕ್ಕವಳು ಕೌಂಟರಿನ ಹಿಂದೆ ಕುಳಿತ ಅಕ್ಕ, ತಮ್ಮನ ಫೋನನ್ನು ತಾನೇ ಎತ್ತಿಕೊಂಡು ಓದುತ್ತಿದ್ದಾಳೆ, ಸ್ಟುಡಿಯೋದ ಬಿಲ್ಲು ಬರೆಯುವವಳೂ ಅವಳೇ, ತಮ್ಮನ ಮಾನ ಕಾಯುವವಳೂ ಅವಳೇ. ಕೇಳೋ, ಮಂಗನ ಕೈಗೆ ಕ್ಯಾಮೆರಾ ಕೊಟ್ಟೋರು ಯಾರು ಅಂತ ಒಬ್ಬ ಕೇಳಿದಾನೆ, ನಾನೇ ಕೊಡಿಸಿದ್ದು ಅಂತ ಬರೀಲಾ? ಈಗ ದಪ್ಪ ಮನುಷ್ಯನಿಗೆ ನಿಜವಾಗಿಯೇ ನಗು ಬಂತು, ಆ ಫೋಟೋ ಕೆಟ್ಟಿತು, ಇನ್ನೊಂದು ತೆಗೆಯಬೇಕು, ಕಣ್ಣು ಇಲ್ಲಿ ಸರ್. ಗಿರಾಕಿಯ ಎದುರಿಗೇ ಹೀಗೆ, ಕಿವಿಯ ತುದಿ ಬಿಸಿಯಾಗುತ್ತದೆ, ಅಕ್ಕನಿಗೆ ಇದೆಲ್ಲ ತಮಾಷೆ, ಊರ ಬಾಯಿಗೆ ಬೀಗ ಹಾಕೋಕಾಗುತ್ತಾ ಎನ್ನುತ್ತಾಳೆ, ಮುಂದೆ ಮೂಗನ್ನೂ ಅಳಿಸ್ತಾನೆ ಹುಷಾರು ಅಂತೆ, ಗೊಂಬೆ ಅಂಗಡಿ ಇಡೋದಕ್ಕೆ ಹೇಳಿ ಅಂತೆ, ಓದಿದಳು, ನಕ್ಕಳು, ಆಮೇಲೆ ಅವನ ಮುಖ ನೋಡಿ ಫೋನನ್ನು ಕವುಚಿ ಇಟ್ಟಳು.

ಅವರು ಹೇಳುವುದರಲ್ಲಿ ಸುಳ್ಳಿಲ್ಲವಲ್ಲ, ಅದೇ ಚುಚ್ಚುವುದು. ಆ ತಾಯಿಯ ಮಗಳು ಬೈದೇ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ, ಹಿಂದೆ ಇಲ್ಲಿಯೇ ತೆಗೆಸಿದ್ದ ಫೋಟೋವನ್ನು ದೊಡ್ಡದಾಗಿ ಮಾಡಿಸಿಕೊಂಡು ಹೋದವಳು, ಸ್ಟುಡಿಯೋದ ಪುಟದಲ್ಲಿ ಆ ಫೋಟೋ ಹಾಕಿ ಇಷ್ಟೇ ಬರೆದಿದ್ದಳು, ತುಂಬ ಚೆನ್ನಾಗಿ ಬಂದಿದೆ ಅಣ್ಣಾ, ಆದರೆ ಅಮ್ಮನ ಎಡ ಹುಬ್ಬಿನ ಗಾಯ ಎಲ್ಲಿ ಹೋಯ್ತು? ಅದನ್ನು ಯಾರೋ ಎತ್ತಿಕೊಂಡರು, ಹಂಚಿದರು, ಗುರುತಿಲ್ಲದ ಜನ ಕಲ್ಲು ಹಿಡಿದು ಬಂದರು. ಎಲ್ಲಿ ಹೋಯ್ತು, ಇವನ ಕೈಯಲ್ಲಿ ಹೋಯ್ತು, ಕಂಪ್ಯೂಟರಿನಲ್ಲಿ ಕಲೆ ಅಳಿಸುವ ಬ್ರಷ್ಷಿನ ಕೆಳಗೆ ಹೋಯ್ತು, ಮೊಡವೆ, ಮಚ್ಚೆ, ತರಚಿದ ಗೆರೆ, ದಿನಾ ಅಳಿಸಿ ಅಳಿಸಿ ಕೈಗೆ ಕಣ್ಣಿನ ಅಪ್ಪಣೆಯೇ ಬೇಕಿಲ್ಲ, ಕೆನ್ನೆಯ ನುಣುಪು ಚರ್ಮವನ್ನು ಎತ್ತಿ ಹುಬ್ಬಿನ ಮೇಲೆ ಇಟ್ಟಿತು, ಇಲ್ಲದ ಕೂದಲನ್ನೂ ಬೆಳೆಸಿತು, ಆಗ ಅವನು ಬಹುಶಃ ಯಾವುದೋ ಹಾಡು ಗುನುಗುತ್ತಿದ್ದ. ಸುಕ್ಕು ಮುಟ್ಟಿರಲಿಲ್ಲ, ಅಷ್ಟು ವಿವೇಕ ಇದೆ ತನಗೆ ಎಂದು ಬೀಗಿಯೂ ಇದ್ದ.

ಅಷ್ಟಕ್ಕೇ ನಿಂತಿದ್ದರೆ ತಪ್ಪಾಯ್ತಮ್ಮಾ ಎಂದು ಬರೆದು ಮುಗಿಸಬಹುದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿನ್ನೆ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಂದು ಸುಳ್ಳು ಹೆಸರಿನ ಖಾತೆ ತೆರೆದ, ಮುಖದ ಜಾಗಕ್ಕೆ ಹಳದಿ ಹೂವಿನ ಚಿತ್ರ ಹಾಕಿದ, ಅದೂ ತಾನೇ ತೆಗೆದದ್ದು, ಅಡಗಿಕೊಳ್ಳುವಾಗಲೂ ಬೇರೆಯವರು ತೆಗೆದ ಫೋಟೋ ಹಾಕಲು ಮನಸ್ಸು ಬರಲಿಲ್ಲ, ಥೂ. ಬರೆದ — ಆ ದಿನ ನಾನೂ ಸ್ಟುಡಿಯೋದಲ್ಲಿದ್ದೆ, ಆಯಮ್ಮನ ಹುಬ್ಬಿನ ಮೇಲೆ ಗಾಯವೇ ಇರಲಿಲ್ಲ, ಪಾಪದ ಫೋಟೋಗ್ರಾಫರನ್ನು ಯಾಕೆ ಗೋಳು ಹುಯ್ಕೊಳ್ತೀರಿ. ಸಂಜೆಯೊಳಗೆ ಗಾಳಿ ತಿರುಗಿತು, ಇವನನ್ನು ಬೈಯುವವರು ಇವತ್ತಿಗೆ ಅಲ್ಲೊಬ್ಬರು ಇಲ್ಲೊಬ್ಬರಷ್ಟೇ ಉಳಿದರು. ಅದೇ ಜನ, ಅದೇ ಕಲ್ಲು, ಈಗ ಮಗಳ ಕಡೆಗೆ, ಸತ್ತ ಅಮ್ಮನ ಹೆಸರಲ್ಲಿ ಲೈಕು ಬೇಡ್ತಾಳೆ, ಹೆತ್ತವಳ ಮುಖ ನೆನಪಿಲ್ಲ, ಇವಳೂ ಒಬ್ಬ ಮಗಳಾ. ಅಕ್ಕನಿಗೆ ಹಿಗ್ಗೋ ಹಿಗ್ಗು, ನೋಡೋ, ಯಾರೋ ಪುಣ್ಯಾತ್ಮ ನಿನ್ನ ಪರ ನಿಂತಿದಾನೆ, ಹೂವಿನ ಚಿತ್ರ ಹಾಕ್ಕೊಂಡಿದಾನೆ, ಒಳ್ಳೇ ಮನಸ್ಸಿರಬೇಕು. ಅವನು ಲೆನ್ಸ್ ಒರೆಸಿದ, ಒರೆಸಿದ್ದನ್ನೇ ಒರೆಸಿದ.

ದಪ್ಪ ಮನುಷ್ಯ ಫೋಟೋ ತೆಗೆದುಕೊಂಡು ಹೋದ. ಫೋನು ಕೈಗೆ ಬಂತು, ಈ ಸಲ ಬೈಗುಳವಲ್ಲ, ಆ ಮಗಳದೇ ಸಂದೇಶ. ಅಣ್ಣಾ, ಮೊದಲು ತೆಗೆದ ಫೋಟೋ ಹಾಗೇ ಇದ್ದರೆ ಕಳಿಸ್ತೀರಾ, ಇಲ್ಲದಿದ್ದರೂ ಪರವಾಗಿಲ್ಲ, ಎಲ್ಲರೂ ಇರಲಿಲ್ಲ ಅಂತಿದಾರೆ, ನಾನೇ ಏನೋ ತಪ್ಪಾಗಿ ನೆನಪಿಟ್ಟುಕೊಂಡೆನೇನೋ, ಗಾಯ ಬಲ ಹುಬ್ಬಿಗಿತ್ತೋ ಏನೋ, ನಿಮಗೆ ತೊಂದರೆಯಾಯ್ತು, ಕ್ಷಮಿಸಿ. ಕ್ಷಮಿಸಿ ಅಂತೆ, ಅವಳು, ಇವನನ್ನು. ಚರ್ಮದ ಮೇಲಿಂದ ತೆಗೆದದ್ದು ಸಾಲದೆ ಅವಳ ತಲೆಯೊಳಗಿಂದಲೂ ತೆಗೆಯುತ್ತಿದ್ದಾನೆ. ಹಳೆಯ ಫೈಲು ತೆರೆದ, ಒಂದೊಂದೇ ಫೋಟೋ, ಸೆರಗು ಸರಿಮಾಡಿಕೊಳ್ಳುವ ಆ ತಾಯಿ, ಮಗಳ ಕೈ ತಳ್ಳಿ ನಗುವ ತಾಯಿ, ಆಮೇಲೆ ಎಡ ಕೆನ್ನೆ ಕಾಣುವ ಹಾಗೆ ತಿರುಗಿದ ಮುಖ — ಅಯ್ಯೋ, ಆ ತಾಯಿಯೇ ಹೇಳಿದ್ದಳಲ್ಲ, ಆ ದಿನ ಬೆಳಕು ಸರಿಮಾಡುತ್ತಾ ಕೇಳಿಯೂ ಕೇಳದ ಹಾಗಿದ್ದ, ಈ ಕಡೆಯಿಂದಲೇ ತೆಗಿಯಪ್ಪಾ, ಇವಳು ಉಯ್ಯಾಲೆಯಿಂದ ಬೀಳೋವಾಗ ಹಿಡಿಯೋದಕ್ಕೆ ಹೋದೆ, ಹಲಗೆ ಹುಬ್ಬಿಗೇ ಬಡೀತು, ಇವಳಿಗೆ ಒಂದು ತರಚೂ ಆಗಲಿಲ್ಲ ನೋಡು, ನನ್ನ ಪಾಲಿನ ಪದಕ ಇದು. ಮಗಳು ಸಾಕಮ್ಮಾ ಎಂದಿದ್ದಳು. ಹುಬ್ಬಿನ ನಡುವೆ ಉಗುರಿನ ಚೂರಿನಷ್ಟು ಬಿಳಿ ಗೆರೆ, ಅಲ್ಲಿ ಕೂದಲಿಲ್ಲ.

ಏನು ಮಾಡ್ತಿದೀಯೋ, ಅಕ್ಕ ಬೆನ್ನ ಹಿಂದೆ ಬಂದು ನಿಂತಿದ್ದಾಳೆ, ಅವನು ಸ್ಟುಡಿಯೋದ ಪುಟದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಸ್ವಂತ ಹೆಸರಿನಲ್ಲಿ ಬರೆಯುತ್ತಿದ್ದಾನೆ, ಗಾಯ ಇತ್ತು, ಎಡಕ್ಕೇ ಇತ್ತು, ಅಳಿಸಿದವನು ನಾನು, ಇರಲಿಲ್ಲ ಎಂದು ಬರೆದ ಹೂವಿನ ಚಿತ್ರದವನೂ ನಾನೇ. ಅಕ್ಕ ಓದಿದಳು, ಇನ್ನೊಮ್ಮೆ ಓದಿದಳು, ನೀನಾ? ಅಯ್ಯೋ ಮಂಕೇ, ಆರ್ತಿರೋ ಬೆಂಕಿಗೆ ನೀನೇ ತುಪ್ಪ ಸುರೀತೀಯಾ, ನಾಳೆ ಯಾರು ಬರ್ತಾರೆ ಈ ಅಂಗಡಿಗೆ. ಅವಳ ದನಿಯಲ್ಲಿ ಈಗ ತಮಾಷೆ ಇಲ್ಲ, ಅವನ ಭುಜದ ಮೇಲಿದ್ದ ಕೈಯನ್ನೂ ತೆಗೆದಳು, ಬೈದ ಅಷ್ಟೂ ಜನ ಕೂಡಿ ಅವನನ್ನು ಒಂಟಿ ಮಾಡಲಾಗಿರಲಿಲ್ಲ, ಆ ಕೈ ತೆಗೆದದ್ದು ಮಾಡಿತು. ಅವನು ಒತ್ತಿದ. ಹೋಯಿತು, ಮಾತೂ, ಮೂಲ ಫೋಟೋವೂ. ಫೋನು ಮತ್ತೆ ನಡುಗಲು ಶುರುವಾಯಿತು, ಅದು ಕಲ್ಲೋ ಹೂವೋ ಅವನು ನೋಡಲಿಲ್ಲ, ಆ ಮಗಳು ನೋಡಿದಳೋ, ನೋಡಿ ಅತ್ತಳೋ, ಇನ್ನು ಈ ಜನ್ಮದಲ್ಲಿ ಅವನ ಮುಖ ನೋಡುತ್ತಾಳೋ, ಬರೆದದ್ದು ನಾಚಿಕೆಯಿಂದಲೋ, ಇದರಿಂದಲಾದರೂ ಒಳ್ಳೆಯವನೆನಿಸಿಕೊಳ್ಳುವ ಆಸೆಯಿಂದಲೋ, ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ — ಪರದೆಯ ಮೇಲಿನ ಮುಖವನ್ನು ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ, ಕಣ್ಣು ಹೋಯಿತು, ಹಣೆ ಹೋಯಿತು, ಹುಬ್ಬು ಉಳಿಯಿತು, ಹುಬ್ಬಿನ ನಡುವೆ ಕೂದಲಿಲ್ಲದ ಆ ಬಿಳಿ ಜಾಗ.