ಕಾಮಾಕ್ಷಿಯ ಒಬ್ಬಟ್ಟು

ಮಗಳ ಪ್ರಬಂಧವನ್ನು ಓದದೆಯೇ ಊರಿಗೆಲ್ಲ ಡಂಗುರ ಸಾರಿದವಳು ಕಾಮಾಕ್ಷಿ. ಶಾಲೆಯ ಸ್ಪರ್ಧೆಯಲ್ಲಿ ಮಾನ್ಯಳಿಗೆ ಮೊದಲ ಬಹುಮಾನ ಬಂದ ಸಂಜೆಯೇ ಸರ್ಟಿಫಿಕೇಟಿನ ಫೋಟೋ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹೋಯಿತು. ಬಹುಮಾನ ಗೆದ್ದ ಮಕ್ಕಳಿಗೆ ರಾಜ್ಯೋತ್ಸವದ ದಿನ ಶಾಲು ಹೊದಿಸೋಣ ಎಂದು ಅಧ್ಯಕ್ಷ ಕೇಶವಮೂರ್ತಿ ಹೇಳಿದಾಗ, "ಬರೀ ಶಾಲು ಯಾಕೆ ಅಂಕಲ್? ಮಾನ್ಯ ಪ್ರಬಂಧಾನೂ ಓದ್ಲಿ. ಇಂಗ್ಲಿಷ್ ಆದ್ರೇನಂತೆ!" ಎಂದು ಹಟ ಹಿಡಿದವಳೂ ಅವಳೇ.

"ಮಮ್, ರೀಡ್ ಇಟ್ ಫಸ್ಟ್, ಪ್ಲೀಸ್," ಎಂದಿದ್ದಳು ಮಾನ್ಯ.

"ನಿನ್ನ ಮೇಲೆ ನಂಬಿಕೆ ಇಲ್ವೇನೇ ನಂಗೆ?" ಎಂದು ಕಾಮಾಕ್ಷಿ ಸೀರೆಗೆ ಇಸ್ತ್ರಿ ಹಾಕುತ್ತಲೇ ಉಳಿದಳು.

ವಿದೇಶದ ಆ ಊರಿನ ರೊಟೊಟೂನ ಬಡಾವಣೆಯ ಹಾಲ್ ಕನ್ನಡಿಗರಿಂದ ತುಂಬಿತ್ತು. ಎದುರು ಮನೆಯ ಖದೀಜಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಮಗಳು ಫರ್ಹಾನಾಗೂ ಮೂರನೆಯ ಬಹುಮಾನ ಬಂದಿದ್ದರಿಂದ ಸಂಘಕ್ಕೆ ಇದು ಅವಳ ಮೊದಲ ಭೇಟಿ.

ಶಾಲು ಹೊದ್ದು ಮೈಸೂರು ಪೇಟ ಇಟ್ಟುಕೊಂಡ ಮಾನ್ಯ ಇಂಗ್ಲಿಷಿನಲ್ಲಿ ಓದತೊಡಗಿದಳು: "ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಡುಗೆ ಮಾಡುವವರು ಖದೀಜಾ ಆಂಟಿ. ಅವರು ಒಬ್ಬಟ್ಟು ತಟ್ಟುವುದನ್ನು ನೋಡುತ್ತ ಕೂತರೆ ನನಗೆ ಹೋಮ್‌ವರ್ಕ್ ಮರೆತುಹೋಗುತ್ತದೆ. ಹಬ್ಬದ ದಿನ ಅವರ ಡಬ್ಬಿ ನಮ್ಮ ಮನೆಗೆ ಹಿಂಬಾಗಿಲಿನಿಂದ ಬರುತ್ತದೆ. ಮುಂಬಾಗಿಲಿನಿಂದ ಹೊರಡುವಾಗ ಅದು ಅಮ್ಮನ ಒಬ್ಬಟ್ಟಾಗಿರುತ್ತದೆ. ಯಾರು ಏನೆಂದು ಹೊಗಳಿದರೆಂದು ನಾನು ಆಂಟಿಗೆ ಹೋಗಿ ಹೇಳಿ ಬರುತ್ತೇನೆ."

ಕಾಮಾಕ್ಷಿಯ ಕಿವಿ ಸುಟ್ಟಂತಾಯಿತು. ಮೊದಲ ವರ್ಷ ನಿಜ ಹೇಳಬೇಕೆಂದೇ ಡಬ್ಬಿಯನ್ನು ಸಂಘಕ್ಕೆ ತಂದಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಯಾರೋ "ಎಂಥ ಕೈ ರೀ ನಿಮ್ದು!" ಅಂದುಬಿಟ್ಟರು. ಆಮೇಲೆ ಖದೀಜಾಳ ಮುಂದೆ, "ಕೇಶವಮೂರ್ತಿ ಅಂಕಲ್‌ನಂಥ ಮಡಿಯವರು ಇದಾರೆ. ನಿಮ್ಮ ಹೆಸರು ಹೇಳಿದ್ರೆ ಮುಟ್ಟಲ್ಲ," ಎಂದು ಸಬೂಬು ಹೇಳಿದ್ದಳು. "ತಿಂದ್ರೆ ಸಾಕು ಬಿಡಿ," ಎಂದಿದ್ದಳು ಅವಳು.

ಓದು ಮುಗಿಯಿತು. ಚಪ್ಪಾಳೆ ಬರಲಿಲ್ಲ. ತಲೆಗಳೆಲ್ಲ ಕಾಮಾಕ್ಷಿಯ ಕಡೆ ತಿರುಗಿದವು. ಆಗ ಹಿಂದಿನಿಂದ ಖದೀಜಾ ಎದ್ದು ನಿಂತಳು.

"ಮಗು ಸ್ವಲ್ಪ ಜಾಸ್ತಿ ಬರ್ದಿದೆ. ನಾನು ಬರೀ ತಟ್ಟಿಕೊಡೋದು. ಹೂರಣ ಎಲ್ಲಾ ಕಾಮಾಕ್ಷಿಯವರ್ದೇ."

ಜನ ಹಗುರಾಗಿ ನಕ್ಕರು. ಕಾಮಾಕ್ಷಿಗೂ ಉಸಿರು ಬಂತು. ಆದರೆ ವೇದಿಕೆಯ ಮೇಲೆ ಮಾನ್ಯ ಪೇಟ ತೆಗೆದು ಕೈಯಲ್ಲಿ ಹಿಡಿದಿದ್ದಳು. ಸುಮ್ಮನೆ ಕೂತರೆ ತನ್ನ ಮಾನ ಉಳಿಯುತ್ತದೆ, ಮಗಳು ಸುಳ್ಳುಗಾರ್ತಿಯಾಗುತ್ತಾಳೆ.

ಕಾಮಾಕ್ಷಿ ಎದ್ದಳು.

"ಅವಳು ಬರ್ದಿರೋದೇ ನಿಜ. ಹೂರಣಾನೂ ಅವರ್ದೇ. ಹೆಸರು ಹೇಳಿದ್ರೆ... ನೀವು ಯಾರೂ ತಿನ್ನಲ್ವೇನೋ ಅಂತ..."

"ಯಾರು, ನಾನಾ?" ಕೇಶವಮೂರ್ತಿ ಮೈಕಿನಲ್ಲೇ ಕೇಳಿದರು. "ಕಾಮಾಕ್ಷಮ್ಮಾ, ನಮ್ಮನೆ ದೀಪಾವಳಿ ಕಜ್ಜಾಯ ಎಲ್ಲಿಂದ ಬರುತ್ತೆ ಅಂದ್ಕೊಂಡಿದೀರಿ? ಅದೇ ಖದೀಜಮ್ಮನ ಮನೆಯಿಂದ. ನಿಮ್ಮ ಒಬ್ಬಟ್ಟು ಯಾರ್ದು ಅಂತ ಮೊದಲ ತುತ್ತಿಗೇ ಗೊತ್ತಾಗಿತ್ತು. ನೀವಾಗೇ ಹೇಳ್ತೀರಿ ಅಂತ ಸುಮ್ನಿದ್ದೆ."

ಹಾಲ್ ಗೊಳ್ಳೆಂದು ನಕ್ಕಿತು. ಚಪ್ಪಾಳೆಯೂ ಬಂತು. ಮಾನ್ಯ ಪೇಟ ಮತ್ತೆ ತಲೆಗಿಟ್ಟುಕೊಂಡಳು. ಕಾಮಾಕ್ಷಿಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷ ತನ್ನ ಹೊಗಳಿಕೆಯ ಆಸೆಯನ್ನು ಇನ್ನೊಬ್ಬರ ಮಡಿಯ ತಲೆಗೆ ಕಟ್ಟಿದ್ದಳು.

ಊಟದ ಮೇಜಿನ ಬಳಿ ಖದೀಜಾ ಸಿಕ್ಕಳು.

"ಅಂಕಲ್ ಕಜ್ಜಾಯ ತಗೊಂಡು ಹೋಗೋದು ನಂಗ್ಯಾಕೆ ಹೇಳ್ಲಿಲ್ಲ ನೀವು?" ಎಂದು ಕಾಮಾಕ್ಷಿ ಕೇಳಿದಳು.

"ಹೇಳಿದ್ರೆ ನಿಮ್ಮ ನೆಪ ಹೋಗ್ತಿತ್ತಲ್ಲ," ಎಂದಳು ಖದೀಜಾ, ಕೋಪವಿಲ್ಲದೆ. "ಹೊಗಳಿಸ್ಕೊಂಡು ಬಂದ ದಿನ ನಿಮ್ಮ ಮುಖ ಎಷ್ಟು ಚೆನ್ನಾಗಿರ್ತಿತ್ತು ಗೊತ್ತಾ?"

ಕಾಮಾಕ್ಷಿ ಅಂದೂ ಹಿಂಬಾಗಿಲಿನಿಂದ ಬಂದಿದ್ದ ಒಬ್ಬಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಬಡಿಸಲು ನಿಂತಳು. ಸಾಲಿನಲ್ಲಿ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಖದೀಜಮ್ಮ ಎಲ್ಲಿದಾರೆ ರೀ?"

ಅವಳು ಪ್ರತಿಯೊಬ್ಬರಿಗೂ ತಲೆ ಎತ್ತಿ ಕೈ ತೋರಿಸಬೇಕಾಯಿತು.