ಹೊಸ್ತಿಲರಾಯನ ಬಟ್ಟಲು

ಹುಣಸೆ ಬೀಜಗಳನ್ನು ಹಿತ್ತಾಳೆ ಬಟ್ಟಲಿಗೆ ಸುರಿದರೆ ಒಂದು ಸದ್ದು ಬರುತ್ತದೆ. ಮೊದಲು ಟಣಟಣ ಎನ್ನುತ್ತದೆ. ಬಟ್ಟಲು ತುಂಬುತ್ತ ಬಂದಂತೆ ಗಂಟಲು ಕಟ್ಟಿದವರ ಹಾಗೆ ಮಂದವಾಗುತ್ತದೆ. ಒಂದು ಕಾಲದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ಆ ಸದ್ದು ಮಾಡುತ್ತಿದ್ದೆ. ಕೇಳಿದ ಕೂಡಲೇ ಮೂವರು ಹರಟೆ ನಿಲ್ಲಿಸಿ ನೆಟ್ಟಗೆ ಕೂರುತ್ತಿದ್ದರು. ಆ ನೂರು ಬೀಜಗಳು ಹೊಸ್ತಿಲರಾಯನ ಪ್ರಾಣ.

ಹೊಸ್ತಿಲರಾಯ ಯಾರು ಎನ್ನುವುದಕ್ಕೆ ಮೊದಲು ಆಟದ ವಿಷಯ ಹೇಳಬೇಕು. ನಮ್ಮೂರ ಪೇಟೆಬೀದಿಯಲ್ಲಿ ತಿಪ್ಪೇಶಿಯ ಫೋಟೋ ಸ್ಟುಡಿಯೋ ಇತ್ತು. ಫೋಟೋ ತೆಗೆಸಿಕೊಳ್ಳಲು ಬಂದ ಯಾರೋ ಪರವೂರಿನವರು ಅಲ್ಲಿ ಒಂದು ಪೆಟ್ಟಿಗೆ ಮರೆತು ಹೋದರು. ವರ್ಷ ಕಾದರೂ ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ತೆರೆದು ನೋಡಿದರೆ ಒಳಗೆ ಇಪ್ಪತ್ತು ಮುಖದ ಒಂದು ದಾಳ, ಅರ್ಧ ಹರಿದ ಒಂದು ಪುಸ್ತಕ. ಒಬ್ಬ ಕತೆ ಹೇಳಬೇಕು, ಉಳಿದವರು ಆ ಕತೆಯೊಳಗಿನ ಮನುಷ್ಯರಾಗಬೇಕು. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಪುಸ್ತಕದಲ್ಲಿ ಅಷ್ಟರ ತನಕ ಇತ್ತು. ಮುಂದಿನ ಹಾಳೆಗಳನ್ನು ಇಲಿ ತಿಂದಿದ್ದರಿಂದ ಮಿಕ್ಕಿದ್ದನ್ನು ನಾವೇ ಕಟ್ಟಿಕೊಂಡೆವು. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು ನಾನು. ಕೋಟೆ, ಗುಹೆ, ಸುರಂಗಗಳ ನಕ್ಷೆಯನ್ನು ಕೂತಲ್ಲೇ ಗೀಚಬಲ್ಲೆ ಎಂಬ ಒಂದೇ ಕಾರಣಕ್ಕೆ ಕತೆ ನಡೆಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಎಲ್ಲರೂ ನನ್ನನ್ನು ಸೂತ್ರಧಾರ ಎಂದೇ ಕರೆಯತೊಡಗಿದರು. ಸುಳ್ಳೇಕೆ, ನನಗೆ ಅದು ಬಹಳ ಹಿಡಿಸಿತ್ತು.

ಆಡುವವರು ಮೂವರು. ತಿಪ್ಪೇಶಿ ಕತ್ತಿವೀರ. ಹಲ್ಲಿ ಕಂಡರೆ ಸ್ಟೂಲು ಹತ್ತುವ ಆಸಾಮಿ, ಆಟದಲ್ಲಿ ಬಾಗಿಲು ಒದೆಯದೆ ಯಾವ ಕೋಟೆಗೂ ನುಗ್ಗುತ್ತಿರಲಿಲ್ಲ. ಪಾಪ, ದಾಳಕ್ಕೂ ಅವನಿಗೂ ಯಾವ ಜನ್ಮದ ವೈರವೋ, ಎಸೆದಾಗಲೆಲ್ಲ ಒಂದು ಬೀಳುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮಸ್ತಾನ್ ಸಾಬರು ನಮಗಿಂತ ಇಪ್ಪತ್ತು ವರ್ಷ ದೊಡ್ಡವರು. ಬೇರೆಯವರ ಗಡಿಯಾರದ ಒಂದು ಸ್ಕ್ರೂ ಕಳೆದರೆ ಊಟ ಬಿಡುವಂಥವರು. ಆಟದಲ್ಲಿ ಅವರೇ ಕಳ್ಳ.

ಮೂರನೆಯವರು ಕಾತ್ಯಾಯಿನಿ, ಪ್ರಾಥಮಿಕ ಶಾಲೆಯ ಟೀಚರು. ಆಟದಲ್ಲಿ ಗಾಯ ಮಾಯಿಸುವ ವೈದ್ಯೆ. ಅವರಿಗೆ ಕಿವಿ ಕೇಳದ ಒಬ್ಬ ತಮ್ಮ ಇದ್ದನಂತೆ, ಚಿಕ್ಕಂದಿನಲ್ಲೇ ತೀರಿಕೊಂಡ. ಅಕ್ಕ ತಮ್ಮ ಇಬ್ಬರೇ ಸೇರಿ ಕೈಸನ್ನೆಯ ಒಂದು ಭಾಷೆ ಕಟ್ಟಿಕೊಂಡಿದ್ದರು. ಅವನು ಹೋದ ಮೇಲೂ ಅವರ ಕೈಗಳು ಸುಮ್ಮನಿರಲು ಕಲಿಯಲಿಲ್ಲ. ಅವುಗಳಲ್ಲಿ ಒಂದು ಸನ್ನೆ ನಮಗೂ ಬಂದಿತ್ತು: ಅಂಗೈ ಎದೆಯಿಂದ ಹೊರಟು ಮುಂದಕ್ಕೆ ಚಾಚಿ, ಅಲ್ಲಿಂದ ತಿರುಗಿ ಮತ್ತೆ ಎದೆಗೆ ಬರಬೇಕು. ಹಾಗೆಂದರೆ 'ಹೋಗಿ ಬರ್ತೀನಿ'. ಪ್ರತಿ ಭಾನುವಾರ ಸಂಜೆ ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತು ಅವರು ಹಾಗೆ ಮಾಡುವರು, ನಾವು ಮೂವರೂ ತಿರುಗಿ ಮಾಡುವೆವು. ಕಾತ್ಯಾಯಿನಿ ಎಂದರೆ ನನಗೆ ಇಷ್ಟ. ಇದನ್ನು ಈಗ ಬರೆಯಲು ಏನೂ ಕಷ್ಟವಾಗಲಿಲ್ಲ. ಆಗ ಬಾಯಿ ಬರಲಿಲ್ಲ, ಅಷ್ಟೇ.

ಮೂರು ವರ್ಷ ನಡೆದ ಕತೆ ಕಡೆಯ ಕೋಟೆಯ ಬಾಗಿಲಿಗೆ ಬಂದು ನಿಂತಿತು. ಅಲ್ಲಿ ಕಾವಲಿಗಿದ್ದವನೇ ಹೊಸ್ತಿಲರಾಯ. ಕಲ್ಲಿನ ಮೈ, ಸರಪಳಿಯ ಜಡೆ, ರೆಪ್ಪೆ ಮುಚ್ಚದ ಕಣ್ಣು. ಯುದ್ಧಕ್ಕೆ ಹೊರಟ ಅರಸು 'ಬರ್ತೀನಿ, ಬಾಗಿಲು ನೋಡ್ಕೋ' ಎಂದು ಹೇಳಿಹೋದವನು ಮರಳಲಿಲ್ಲ. ಇವನು ಕಾದು ಕಾದು ಕಲ್ಲಾದ. ಅವನು ಬಿದ್ದರೆ ಆಟ ಮುಗಿದಂತೆ. ಅವನ ಗುಟ್ಟನ್ನು ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೆ. ಹೊಸ್ತಿಲು ಬಿಟ್ಟು ಹೊರಡುವವರು 'ಬರ್ತೀನಿ' ಎನ್ನುತ್ತಿರುವಷ್ಟು ಕಾಲ ಇವನಿಗೆ ಸಾವಿಲ್ಲ. ಕಾಯುವ ಕೆಲಸವಿದೆಯಲ್ಲ, ಗಾಯವೆಲ್ಲ ಮಾಯ್ದುಹೋಗುತ್ತದೆ. ಯಾರಾದರೂ ಎದುರು ನಿಂತು 'ಹೋಗ್ತೀನಿ' ಎಂದ ದಿನ ಕಾಯಲು ಏನೂ ಉಳಿಯದೆ ಕುಸಿದು ಬೀಳುತ್ತಾನೆ.

ನಮ್ಮ ಕಡೆ ಯಾರೂ ಬಾಯಿಬಿಟ್ಟು 'ಹೋಗ್ತೀನಿ' ಎನ್ನುವುದಿಲ್ಲ ತಾನೆ? ಆಪರೇಷನ್ನಿಗೆ ಹೊರಟವರೂ 'ಬರ್ತೀನಿ' ಎಂದೇ ಹೊಸ್ತಿಲು ದಾಟುತ್ತಾರೆ. ಬಾಯಿತಪ್ಪಿ ಬೇರೆ ಥರ ಬಂದರೆ ಹಿರಿಯರು 'ಬಿಡ್ತು ಅನ್ನು' ಎಂದು ಗದರಿ, ಆಡಿದ್ದನ್ನು ಆಡಿಲ್ಲದಂತೆ ಮಾಡಿಸುತ್ತಾರೆ. ಎಂಥ ಒಗಟು ಹೊಸೆದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲ ಭಾನುವಾರ ಮೂವರೂ ಚೆನ್ನಾಗಿಯೇ ಕಾದಾಡಿದರು. ಪೆಟ್ಟು ತಾಗಿದಂತೆಲ್ಲ ನಾನು ಬಟ್ಟಲಿನಿಂದ ಬೀಜ ತೆಗೆಯುತ್ತ ಹೋದೆ. ಹೊತ್ತು ಮುಳುಗುವಾಗ ಬಟ್ಟಲಲ್ಲಿ ಹನ್ನೊಂದು ಬೀಜ ಉಳಿದಿದ್ದವು. ಮಸ್ತಾನ್ ಸಾಬರು ಸಂಜೆಯ ನಮಾಜಿಗೆ ಏಳಬೇಕು, ಹಾಗಾಗಿ ಆಟ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ನಾನು ಹೊಸ್ತಿಲರಾಯನ ಗಡಸು ದನಿ ತೆಗೆದು, ಹೊರಡುವ ಮುಂಚೆ ಏನು ಹೇಳುತ್ತೀರಿ ಎಂದು ಕೇಳಿದೆ. "ಬರ್ತೀವಿ ಕಣೋ, ಮುಂದಿನ ವಾರ ನಿನ್ನ ಹುಟ್ಟಡಗಿಸ್ತೀವಿ" ಎಂದ ತಿಪ್ಪೇಶಿ.

ಮುಂದಿನ ವಾರ ನೋಡಿದರೆ ಬಟ್ಟಲು ಭರ್ತಿ ನೂರು. ತಿಪ್ಪೇಶಿ ನನ್ನ ವಂಶವನ್ನೆಲ್ಲ ಜಾಲಾಡಿದ. ಹೋದ ವಾರದ ಗಾಯಗಳು ಎಲ್ಲಿ ಹೋದವು ಎಂದು ಮೂವರೂ ತಲೆಗೆ ತಲೆ ಕೊಟ್ಟು ಯೋಚಿಸಿದರು. ಬೆಳದಿಂಗಳು ಕುಡಿಯುತ್ತಾನೆ ಎಂದ ಒಬ್ಬ. ಪ್ರಾಣವನ್ನು ಬೇರೆಲ್ಲೋ ಬಚ್ಚಿಟ್ಟಿದ್ದಾನೆ ಎಂದರು ಮತ್ತೊಬ್ಬರು. ಬೆಂಕಿ ಹಚ್ಚಿದರು, ಕನ್ನಡಿ ಹಿಡಿದರು, ಸುಣ್ಣ ಎರಚಿದರು. ಸಂಜೆ ಎಲ್ಲರೂ ಸುಸ್ತಾಗಿ ಬರ್ತೀವಿ ಎಂದರು.

ಅವತ್ತೇ ಕಾತ್ಯಾಯಿನಿ ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದ್ದು. ಎರಡು ದಿನದ ಪ್ರಯಾಣದಾಚೆ, ಕಡಲ ದಂಡೆಯ ಒಂದು ಊರಲ್ಲಿ ಕಿವಿ ಕೇಳದ ಮಕ್ಕಳ ಶಾಲೆ. ಅಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ತಮ್ಮ ತೀರಿಕೊಂಡ ದಿನದಿಂದ ಅವರು ಬಯಸಿದ್ದು ಅದೊಂದನ್ನೇ ಎನ್ನುವುದು ನಮಗೆಲ್ಲ ಗೊತ್ತಿತ್ತು. ತಿಪ್ಪೇಶಿ ಓಡಿಹೋಗಿ ಬಾದಾಮ್ ಹಲ್ವ ತಂದ. ಯಾವಾಗ ಹೊರಡುವುದು ಎಂದು ಮಸ್ತಾನ್ ಸಾಬರು ಕೇಳಿದರು.

"ಹೊಸ್ತಿಲರಾಯನ್ನ ಅರ್ಧಕ್ಕೆ ಬಿಟ್ಟು ಹೇಗೆ ಹೊರಡೋದು? ಮುಗಿಸ್ಕೊಂಡೇ ಹೊರಡ್ತೀನಿ" ಎಂದರು ಕಾತ್ಯಾಯಿನಿ. ನಗುತ್ತಲೇ ಹೇಳಿದರು, ಆದರೆ ಹೇಳಿದ್ದನ್ನು ಮಾಡುವ ಪೈಕಿ ಅವರು.

ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಗಟು ಬಿಡಿಸುವ ತನಕ ಅವರು ಈ ಊರಲ್ಲೇ ಇರುತ್ತಾರೆ. ಒಗಟೋ, ಯಾರಿಗೂ ಬಿಡಿಸಲಾಗದ್ದು. ಮನೆಗೆ ಹೋಗಿ ಬೀಜಗಳನ್ನು ಬಟ್ಟೆಯಿಂದ ಒರೆಸಿಟ್ಟೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಇರಬೇಕು.

ಮೂರನೆಯ ಭಾನುವಾರ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ತಿಪ್ಪೇಶಿಗೆ ಸಾಲಾಗಿ ನಾಲ್ಕು ಸಲ ಒಂದು ಬಿತ್ತು. ಕತ್ತಿ ಮುರಿಯಿತು, ಗುರಾಣಿ ಒಡೆಯಿತು, ಕೊನೆಗೆ ತನ್ನದೇ ಕಾಲು ಕಡಿದುಕೊಂಡ. ಅವನು ದಾಳವನ್ನು ಮೂಲೆಗೆಸೆದು ಎದ್ದು ನಿಂತ. "ಥೂ, ಸಾಕಾಯ್ತು ನಂಗೆ. ಹೋಗ್ತೀನಿ ನಾನು" ಎಂದ.

ನನ್ನ ಕೈ ತನ್ನಷ್ಟಕ್ಕೆ ಬಟ್ಟಲ ಕಡೆ ಸರಿಯಿತು. ನಿಯಮ ಬರೆದವನು ನಾನೇ, ಮಾತು ಬಿದ್ದಿದೆ, ಬಟ್ಟಲು ಬರಿದು ಮಾಡಬೇಕು. ಅಷ್ಟರಲ್ಲಿ ಕಾತ್ಯಾಯಿನಿ ಎಂದೂ ಇಲ್ಲದ ಅವಸರದಲ್ಲಿ, "ಬಿಡ್ತು ಅನ್ನಿ ತಿಪ್ಪೇಶಿ. ಬರ್ತೀನಿ ಅನ್ನಿ" ಎಂದರು. ಅವನು ಪೆಚ್ಚಾಗಿ ಬಿಡ್ತು ಎಂದ, ಬರ್ತೀನಿ ಎಂದ, ದಾಳ ಹುಡುಕಲು ಬೆಂಚಿನ ಕೆಳಗೆ ತೂರಿದ. ನಾನು ಕೈ ಹಿಂದಕ್ಕೆ ಎಳೆದುಕೊಂಡು ಯಾವ ದೇವರು ಕಾಪಾಡಿದನೋ ಎಂದುಕೊಂಡೆ.

ನಾಲ್ಕು ಕಳೆಯಿತು, ಐದು ಬಂತು. ಐದನೆಯ ವಾರದ ಆಟ ಮುಗಿದ ಮೇಲೆ ಮಸ್ತಾನ್ ಸಾಬರು ನಮಾಜು ಮುಗಿಸಿ ನೇರ ನನ್ನ ಮನೆಗೆ ಬಂದರು. ಎಂದೂ ಬಂದವರಲ್ಲ. ಶಾಲೆಯಿಂದ ಎರಡನೆಯ ಕಾಗದ ಬಂದಿದೆ, ಈ ಬುಧವಾರ ಬಿಟ್ಟು ಮುಂದಿನ ಬುಧವಾರದೊಳಗೆ ಹಾಜರಾಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಬರೆದಿದ್ದಾರೆ, ಹುಡುಗಿ ಅದನ್ನು ನಿಮ್ಮಿಬ್ಬರಿಗೂ ಹೇಳದೆ ನನಗೊಬ್ಬನಿಗೇ ತೋರಿಸಿದಳು ಎಂದರು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಗಡಿಯಾರದ ಹೊಟ್ಟೆ ಬಿಚ್ಚಿ ನೋಡುವಾಗಲೂ ಅವರು ಹೀಗೇ ನೋಡುತ್ತಿದ್ದರು.

"ಆ ರಾಕ್ಷಸನ್ನ ಸಾಯಿಸೋ ದಾರಿ ಇದೆಯೋ ಇಲ್ವೋ?"

ಇದೆ ಎಂದೆ. ಆದರೆ ಸೂತ್ರಧಾರ ತಾನಾಗಿ ಹೇಳುವ ಹಾಗಿಲ್ಲ, ಅದು ನಿಯಮ ಎಂದು ಸೇರಿಸಿದೆ.

"ತಮ್ಮಾ, ಮುಳ್ಳು ಹಿಡ್ಕೊಂಡು ನಿಂತ್ರೆ ಗಡಿಯಾರ ನಿಲ್ಲುತ್ತೆ. ಹೊತ್ತು ನಿಲ್ಲಲ್ಲ" ಎಂದು ಹೇಳಿ ಛತ್ರಿ ತೆಗೆದುಕೊಂಡು ಹೊರಟರು. ಬರ್ತೀನಿ ಎನ್ನುವುದನ್ನು ಮಾತ್ರ ಮರೆಯಲಿಲ್ಲ.

ಆ ವಾರವಿಡೀ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಚೇರಿಯಲ್ಲಿ ಒಂದು ಹಳ್ಳಿಯ ಕೆರೆಯನ್ನು ಗುಡ್ಡದ ನೆತ್ತಿಯ ಮೇಲೆ ಬರೆದಿಟ್ಟೆ. ಅವರು ಹೋಗಬೇಕು. ಆ ಮಕ್ಕಳಿಗೆ ಅವರ ಕೈಗಳು ಬೇಕು. ನನಗೆ ಅವರು ಬೇಕು ಎನ್ನುವುದು ನಿಜ, ಆದರೆ ಅದನ್ನು ಹೇಳುವ ಧೈರ್ಯವಿಲ್ಲದೆ ಕಲ್ಲಿನ ರಾಕ್ಷಸನ ಹಿಂದೆ ಅವಿತು ಕೂತಿದ್ದೆ. ಆರನೆಯ ಭಾನುವಾರ, ಅವರು ಬಸ್ಸು ಹತ್ತಲೇಬೇಕಾದ ಸೋಮವಾರದ ಹಿಂದಿನ ದಿನ, ಒಂದೇ ಸಂಜೆಗೆ ಬಟ್ಟಲು ಬರಿದಾದರೆ ಗುಟ್ಟಿನ ಗೊಡವೆ ಬಿಟ್ಟು ಅವನನ್ನು ಬೀಳಿಸಿಬಿಡುವುದು ಎಂದುಕೊಂಡು, ಬಟ್ಟಲಿಗೆ ನೂರರ ಬದಲು ನಲವತ್ತೇ ಬೀಜ ಸುರಿದೆ. ಸದ್ದು ಕೊನೆಯ ತನಕ ಟಣಟಣ ಎಂದೇ ಇತ್ತು. ಯಾರೂ ಏನೂ ಕೇಳಲಿಲ್ಲ.

ಹಣೆಬರಹ ನೋಡಿ, ಅವತ್ತು ಯಾರ ದಾಳವೂ ಸರಿಯಾಗಿ ನಡೆಯಲಿಲ್ಲ. ತಿಪ್ಪೇಶಿಯದು ಬಿಡಿ, ಮಸ್ತಾನ್ ಸಾಬರಿಗೂ ಎರಡು, ಮೂರು. ಹೊತ್ತು ಇಳಿಯಿತು. ಬಟ್ಟಲಲ್ಲಿ ಇನ್ನೂ ಒಂಬತ್ತು ಬೀಜ. ಸತ್ತ ಎಂದು ಸುಳ್ಳು ಹೇಳಿಬಿಡಲೇ ಎಂದು ಯೋಚಿಸಿದೆ. ಹೇಳಿದರೆ ಮೂರು ವರ್ಷದ ಕತೆಯೆಲ್ಲ ಸುಳ್ಳಾಗುತ್ತದೆ, ಅವರಿಗೂ ತಿಳಿಯದೆ ಇರುವುದಿಲ್ಲ. ಸಾಬರು ಟೊಪ್ಪಿಗೆ ಕೈಗೆತ್ತಿಕೊಂಡರು. ನಾನು ಹೊಸ್ತಿಲರಾಯನ ದನಿಯಲ್ಲಿ ಆರನೆಯ ಸಲ ಅದೇ ಪ್ರಶ್ನೆ ಕೇಳಿದೆ. ದನಿ ಗಡಸಾಗಿ ಬರಲಿಲ್ಲ.

ತಿಪ್ಪೇಶಿ ಬಾಯಿ ತೆರೆಯುವ ಮೊದಲೇ ಕಾತ್ಯಾಯಿನಿ ತಮ್ಮ ಕಾಯಿಯನ್ನು, ಅದೊಂದು ನೀಲಿ ಗುಂಡಿ, ನಕ್ಷೆಯ ಮೇಲೆ ಸರಿಸಿ ಹೊಸ್ತಿಲಿಗೆ ತಾಗಿಸಿ ಇಟ್ಟರು.

"ನಾನು ಹೋಗ್ತೀನಿ."

"ಬಿಡ್ತು ಅನ್ನಿ ಟೀಚರೇ" ಎಂದ ತಿಪ್ಪೇಶಿ ಗಾಬರಿಯಿಂದ. ದೂರದ ಪ್ರಯಾಣ ಇಟ್ಟುಕೊಂಡು ಇದೆಂಥ ಮಾತು ಎಂದು ಗೊಣಗಿದ. ಅವರು ಬಿಡ್ತು ಎನ್ನಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಅವತ್ತು ತಿಪ್ಪೇಶಿ ಹಾಗಂದಾಗ ನಿಮ್ಮ ಕೈ ಬಟ್ಟಲ ಕಡೆ ಹೋಯ್ತಲ್ಲ, ಆಗಲೇ ಗೊತ್ತಾಯ್ತು ನಂಗೆ."

ಮೂರು ವಾರ. ಮೂರು ವಾರ ಗೊತ್ತಿದ್ದೂ ಅವರು ಸಂಜೆ ಸಂಜೆ ಬರ್ತೀವಿ ಎಂದು ಹೇಳಿ ಎದ್ದಿದ್ದರು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ನೀವು ಯಾಕೆ ಹೇಳಲಿಲ್ಲ?" ಎಂದರು.

ನಾನು ಬಟ್ಟಲನ್ನು ಎತ್ತಿಕೊಂಡೆ. ತಿಪ್ಪೇಶಿಯೂ ಸಾಬರೂ ಅದನ್ನೇ ನೋಡುತ್ತಿದ್ದರು. ನಾನು ಮಾತ್ರ ಕಾತ್ಯಾಯಿನಿಯ ಕೈ ನೋಡಿದೆ. ನಕ್ಷೆಯ ಅಂಚಿನಲ್ಲಿದ್ದ ಅವರ ಅಂಗೈ ಮೆಲ್ಲಗೆ ಎದೆಗೆ ಏರಿತು, ಮುಂದಕ್ಕೆ ಹೊರಟಿತು, ಅಲ್ಲಿ ಚೂರು ನಿಂತಿತು, ತಿರುಗಿ ಎದೆಗೆ ಬಂತು.

ಸೂತ್ರಧಾರನಾಗಿ ನಾನು ಕೊಟ್ಟ ಕಡೆಯ ತೀರ್ಪು ಅದು. ಬಾಯಿ ಆಡಿದ್ದಕ್ಕೆ ಎಂಟು ಬೀಜಗಳನ್ನು ನಕ್ಷೆಯ ಮೇಲೆ ಚೆಲ್ಲಿದೆ. ಹೊಸ್ತಿಲರಾಯನ ಜಡೆ ಕಳಚಿ ಬಿದ್ದದ್ದು, ಕಲ್ಲಿನ ಮಂಡಿ ಮಡಚಿಕೊಂಡದ್ದು, ಯುಗಯುಗಗಳಿಂದ ತೆರೆದೇ ಇದ್ದ ಆ ರೆಪ್ಪೆಗಳು ಮುಚ್ಚಿದ್ದು, ಎಲ್ಲವನ್ನೂ ಹೇಳಿದೆ. ಅಷ್ಟು ಚೆನ್ನಾಗಿ ನಾನು ಬೇರೆಂದೂ ಕತೆ ಹೇಳಿಲ್ಲ. ತಿಪ್ಪೇಶಿ ಬೆಂಚು ಹತ್ತಿ ಕುಣಿದ. ಮಸ್ತಾನ್ ಸಾಬರು ಟೊಪ್ಪಿಗೆ ಹಾಕಿಕೊಂಡು, ನಮಾಜಿಗೆ ತಡವಾಯಿತೆಂದು ಕಣ್ಣೊರೆಸಿಕೊಳ್ಳುತ್ತ ನಡೆದರು. ಒಂಬತ್ತನೆಯ ಬೀಜ ಬಟ್ಟಲಿನಲ್ಲಿ ನನ್ನ ಹೆಬ್ಬೆರಳ ಕೆಳಗೆ ಇತ್ತು. ಅದು ಕೈ ಆಡಿದ ಮಾತಿಗೆ.

ಮರುದಿನ ಬಸ್‌ ನಿಲ್ದಾಣಕ್ಕೆ ಮೂವರೂ ಹೋಗಿದ್ದೆವು. ತಿಪ್ಪೇಶಿ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದ. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. ಕೆಲವು ವರ್ಷ ಅವರ ಕಾಗದಗಳು ಬಂದವು. ಅಕ್ಕ ತಮ್ಮನ ಸನ್ನೆಗಳನ್ನು ಕಂಡು ಮಕ್ಕಳು ಮೊದಲು ನಕ್ಕರಂತೆ, ಆಮೇಲೆ ಅವನ್ನೂ ಕಲಿತುಕೊಂಡರಂತೆ, ಆಟವನ್ನೂ ಆಡುತ್ತಾರಂತೆ, ಒಂದು ಸದ್ದೂ ಇಲ್ಲದೆ. ಆಮೇಲೆ ಕಾಗದಗಳು ಕಡಿಮೆಯಾದವು. ಸಾಬರು ಹೋದರು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಚಪ್ಪಲಿ ಮಾರುತ್ತಾರೆ. ತಿಪ್ಪೇಶಿ ಆಗಾಗ ಬಂದು, ಹೊಸ್ತಿಲರಾಯನನ್ನು ಕೊಂದದ್ದು ತಾನೇ ಎಂದು ವಾದಿಸಿ, ಕಾಫಿ ಕುಡಿದು ಹೋಗುತ್ತಾನೆ.

ಬಟ್ಟಲು ಬಾಗಿಲ ಪಕ್ಕದ ಗೂಡಿನಲ್ಲಿದೆ. ಭಾನುವಾರ ಕಸ ಹೊಡೆಯುವಾಗ ಅದನ್ನು ಎತ್ತಿ ಧೂಳು ಒರೆಸುತ್ತೇನೆ. ಒಂದೇ ಬೀಜ ತಳದಲ್ಲಿ ಉರುಳಿ ಟಣ್ ಎನ್ನುತ್ತದೆ. ಸದ್ದು ನಿಲ್ಲುವ ತನಕ ಹಿಡಿದುಕೊಂಡಿದ್ದು, ಮತ್ತೆ ಅಲ್ಲಿಯೇ ಇಡುತ್ತೇನೆ.